ಮೆಲುದನಿಯ ರಾಕ್: ಹೊಬೋಕನ್‌ನ ಒಂದು ಆಲ್ಬಂ

ಕೇಳುಗರಿಗೆ ನಮಸ್ಕಾರ.

ರಾಕ್ ಸಂಗೀತ ಅಂದ ಕೂಡಲೇ ಕಿವಿಗಡಚಿಕ್ಕುವ ಗಿಟಾರು, ಎದೆಗೆ ಗುದ್ದುವ ಡ್ರಮ್ಸು ನೆನಪಾಗುವುದು ಸಹಜ. ಅವೇ ವಾದ್ಯಗಳನ್ನು ಇಟ್ಟುಕೊಂಡು, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗದಷ್ಟು ಮೆಲ್ಲಗೆ ನುಡಿಸಿದ ಆಲ್ಬಮ್ಮುಗಳೂ ಇವೆ. ಅಂಥ ಒಂದನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ತಂಡದ ಹೆಸರು ಯೋ ಲಾ ಟೆಂಗೋ. ಊರು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹೊಬೋಕನ್. ಹಡ್ಸನ್ ನದಿ ದಾಟಿದರೆ ಮ್ಯಾನ್‌ಹಟನ್. 1984ರಲ್ಲಿ ತಂಡ ಕಟ್ಟಿದವರು ಗಿಟಾರ್ ನುಡಿಸುವ ಐರಾ ಕ್ಯಾಪ್ಲನ್, ಡ್ರಮ್ಸ್ ನುಡಿಸುವ ಜಾರ್ಜಿಯಾ ಹಬ್ಲಿ. ಇಬ್ಬರೂ ಗಂಡ ಹೆಂಡತಿ. ತೊಂಬತ್ತರ ದಶಕದ ಆರಂಭದಲ್ಲಿ ಬೇಸ್ ಗಿಟಾರಿನ ಜೇಮ್ಸ್ ಮೆಕ್‌ನ್ಯೂ ಸೇರಿಕೊಂಡರು. ಮೂವರೂ ಹಾಡುತ್ತಾರೆ. 2000ದ ಫೆಬ್ರವರಿಯಲ್ಲಿ ಮ್ಯಾಟಡೋರ್ ಕಂಪನಿಯಿಂದ ಬಂದ ಇವರ ಆಲ್ಬಂ ‘ಆ್ಯಂಡ್ ದೆನ್ ನಥಿಂಗ್ ಟರ್ನ್ಡ್ ಇಟ್‌ಸೆಲ್ಫ್ ಇನ್‌ಸೈಡ್ ಔಟ್’. ಹೆಸರೂ ಉದ್ದ, ಆಲ್ಬಮ್ಮೂ ಉದ್ದ: 13 ಹಾಡು, ಹೆಚ್ಚುಕಡಿಮೆ 77 ನಿಮಿಷ. ಒಂದು ಸಿ.ಡಿ.ಯಲ್ಲಿ ಹಿಡಿಸುವಷ್ಟನ್ನೂ ಬಳಸಿಕೊಂಡಿದ್ದಾರೆ. 1993ರಿಂದ ಇವರ ಜೊತೆಗಿದ್ದ ರೋಜರ್ ಮೂಟ್‌ನೋ ಇದರ ನಿರ್ಮಾಪಕರು, ಧ್ವನಿಮುದ್ರಣ ನಡೆದದ್ದು ನ್ಯಾಶ್‌ವಿಲ್‌ನಲ್ಲಿ.

ಇವರಿಗೆ ಅಬ್ಬರ ಗೊತ್ತಿಲ್ಲ ಅಂತಲ್ಲ. ಗಿಟಾರನ್ನು ಸ್ಪೀಕರಿಗೆ ಎದುರು ಹಿಡಿದು ಫೀಡ್‌ಬ್ಯಾಕಿನ ಚೀರಾಟವನ್ನೇ ಸಂಗೀತ ಮಾಡುವುದರಲ್ಲಿ ಕ್ಯಾಪ್ಲನ್ ಪಳಗಿದ ಕೈ. ಆ ಕೈ ಇಲ್ಲಿ ಸುಮ್ಮನಿದೆ. ಈ ಆಲ್ಬಮ್ಮಿನ ಸೆಳೆತ ಶುರುವಾಗುವುದು ಇಲ್ಲಿಂದಲೇ ಎಂಬುದು ನನ್ನ ಅಭಿಪ್ರಾಯ. ಜೋರಾಗಿ ನುಡಿಸಬಲ್ಲವರು ಬೇಕೆಂದೇ ತಗ್ಗಿಸಿದಾಗ ಅದರಲ್ಲಿ ಒಂದು ಬಿಗಿ ಇರುತ್ತದೆ. ಶಕ್ತಿಯಿಲ್ಲದೆ ಮೆಲ್ಲಗಾದ ಸಂಗೀತದಲ್ಲಿ ಅದು ಸಿಗುವುದಿಲ್ಲ.

ತಗ್ಗಿಸುವುದು ಅಂದರೆ ವಾಲ್ಯೂಮ್ ಗುಂಡಿಯನ್ನು ಹಿಂದಕ್ಕೆ ತಿರುಗಿಸುವುದಷ್ಟೇ ಅಲ್ಲ. ಒಂದೊಂದು ವಾದ್ಯವೂ ಇನ್ನೊಂದಕ್ಕೆ ಜಾಗ ಬಿಡಬೇಕು. ಸ್ನೇರ್ ಡ್ರಮ್ಮಿಗೆ ಕೋಲಿನಿಂದ ಹೊಡೆದರೆ ‘ಟಕ್’ ಅನ್ನುವ ಚೂಪು ಸದ್ದು ಎದ್ದು, ಅದರ ಮುಂದೆ ಮಾತಿನ ಮಟ್ಟದ ದನಿ ನಿಲ್ಲುವುದಿಲ್ಲ. ತಂತಿಯ ಬ್ರಷ್ಷಿನಿಂದ ಚರ್ಮವನ್ನು ಸವರಿದರೆ ‘ಸ್ಸ್’ ಎಂಬ ಹಾಸು ಸಿಗುತ್ತದೆ, ದನಿ ಅದರ ಮೇಲೆ ಕೂರುತ್ತದೆ. ಕೆಲವು ಹಾಡುಗಳಲ್ಲಿ ಇವರು ಡ್ರಮ್ ಮಷೀನನ್ನೇ ಇಟ್ಟಿದ್ದಾರೆ. ಮೆಲ್ಲಗೆ ನುಡಿಸುವಾಗ ಲಯ ಎಳೆದಾಡುವುದು ಎಲ್ಲ ವಾದಕರ ಕಷ್ಟ. ಮಷೀನು ಎಷ್ಟು ಸಣ್ಣ ಸದ್ದಿನಲ್ಲೂ ಕಾಲ ತಪ್ಪುವುದಿಲ್ಲ. ಆರ್ಗನ್ನಿನಲ್ಲಿ ಒಂದೆರಡು ಸ್ವರ ಒತ್ತಿ ಹಿಡಿದು ಬಿಡುತ್ತಾರೆ. ಅದು ಮಾಡುವ ಕೆಲಸ ತಂಬೂರಿಯದೇ: ಗಿಟಾರು ನಾಲ್ಕು ಸ್ವರ ನುಡಿಸಿ ನಿಂತರೂ ಹಾಡು ಖಾಲಿ ಅನ್ನಿಸುವುದಿಲ್ಲ.

ಇನ್ನು ದನಿ. ಬಾಯಿಗೂ ಮೈಕಿಗೂ ನಡುವೆ ಎರಡು ಮೂರು ಇಂಚು ಮಾತ್ರ ಇಟ್ಟು, ಒಂದೇ ದಿಕ್ಕಿನಿಂದ ಸದ್ದು ಹಿಡಿಯುವ ಮೈಕಿಗೆ ಹಾಡಿದರೆ ದನಿಯ ಕೆಳಭಾಗ ತಾನಾಗಿ ದಪ್ಪವಾಗುತ್ತದೆ. ಕೇಳುವವರಿಗೆ ಹಾಡುವವರು ಪಕ್ಕದಲ್ಲೇ ಇದ್ದಂತೆ ಅನ್ನಿಸುವುದು ಇದರಿಂದ. ಇದನ್ನು ಮನೆಯಲ್ಲಿ ಮಾಡಿ ನೋಡುವ ಎಳೆಯರು ಎಡವುವುದೂ ಇಲ್ಲೇ. ದನಿ ಸಣ್ಣದೆಂದು ಗೇನ್, ಅಂದರೆ ಮೈಕು ಹಿಡಿದ ಸದ್ದನ್ನು ಹಿಗ್ಗಿಸುವ ಮಟ್ಟ, ಏರಿಸುತ್ತಾರೆ. ಆಗ ಫ್ಯಾನಿನ ಗಾಳಿ, ಫ್ರಿಜ್ಜಿನ ಗುಂಯ್ ಸದ್ದು, ಎಂಜಲು ನುಂಗಿದ್ದು ಎಲ್ಲವೂ ಮೈಕಿಗೆ ಬೀಳುತ್ತವೆ. ಅದರ ಮೇಲೆ ಜೋರು ಸದ್ದಿಗೂ ಸಣ್ಣ ಸದ್ದಿಗೂ ಇರುವ ಅಂತರ ತಗ್ಗಿಸುವ ಕಂಪ್ರೆಸರ್ ಹಾಕಿದರೆ ಅವೂ ದನಿಯ ಜೊತೆಗೇ ಮೇಲೆ ಬರುತ್ತವೆ. ಮೊದಲು ಕೋಣೆಯನ್ನು ಸುಮ್ಮನಾಗಿಸಿ. ಮೈಕಿನ ಮುಂದೆ ಬಾಯಿಯ ಗಾಳಿಯ ಹೊಡೆತ ತಡೆಯುವ ಜಾಲರಿ, ಪಾಪ್ ಫಿಲ್ಟರ್, ಇಡಿ. 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸ್ಥಾಯಿಯ ಸದ್ದನ್ನು ಕತ್ತರಿಸಿ. ಡ್ರಮ್ಸಿನ ಸದ್ದು ಹಾಡುವವರ ಮೈಕಿಗೆ ನುಗ್ಗುತ್ತಿದ್ದರೆ ಯಂತ್ರದಲ್ಲಿ ಪರಿಹಾರ ಹುಡುಕಬೇಡಿ, ಡ್ರಮ್ಸಿನವರಿಗೆ ಇನ್ನೂ ಮೆಲ್ಲಗೆ ನುಡಿಸಲು ಹೇಳಿ.

ಹಾಡುಗಳ ವಸ್ತು ಈ ದನಿಗೆ ಹೇಳಿ ಮಾಡಿಸಿದಂತಿದೆ. ಎರಡನೆಯ ಹಾಡು ‘ಅವರ್ ವೇ ಟು ಫಾಲ್’ ಒಂದು ಮೊದಲ ಭೇಟಿಯ ನೆನಪು. ಬೇಸಿಗೆಯ ಒಂದು ದಿನ, ಹತ್ತಿರ ಹೋದದ್ದು, ಇವನ ಮುಖ ಕೆಂಪಾದದ್ದು, ತನ್ನದೇ ಪಾದ ನೋಡುತ್ತ ನಿಂತದ್ದು. ಅಷ್ಟೇ. ಹದಿಹರೆಯದ ಪ್ರೇಮಗೀತೆಯಾಗಿದ್ದರೆ ಅಲ್ಲೇ ಆಕಾಶಕ್ಕೆ ಹಾರುತ್ತಿತ್ತು. ಇದು ಎಷ್ಟೋ ವರ್ಷ ಒಟ್ಟಿಗೆ ಬಾಳಿದ ಮೇಲೆ ಆ ಸಂಕೋಚವನ್ನು ತೆಗೆದು ನೋಡುವ ಹಾಡು. ಆರನೆಯದು ‘ದ ಕ್ರೈಯಿಂಗ್ ಆಫ್ ಲಾಟ್ ಜಿ’. ಅದರಲ್ಲಿ ಸಂಸಾರದ ಚಿಕ್ಕ ಮನಸ್ತಾಪಗಳನ್ನು ಬಹುಪಾಲು ಮಾತಿನ ಧಾಟಿಯಲ್ಲೇ ಹೇಳಿಕೊಳ್ಳುತ್ತಾರೆ. ದಾಂಪತ್ಯದ ಇಂಥ ಮಾತನ್ನು ಕೂಗಿ ಹೇಳಿದರೆ ಜಗಳವಾಗುತ್ತದೆ, ರಾಗವೆಳೆದು ಹೇಳಿದರೆ ನಾಟಕವಾಗುತ್ತದೆ. ಅವರು ಆರಿಸಿಕೊಂಡ ಮಟ್ಟವೇ ಸರಿ. ಏಳನೆಯದು 1974ರ ಡಿಸ್ಕೋ ಹಾಡೊಂದರ ಮರುರೂಪ, ಜಾರ್ಜ್ ಮೆಕ್ರೇ ಹಾಡಿದ್ದು. ಕುಣಿಯಲು ಹುಟ್ಟಿದ ರಾಗವನ್ನು ಜಾರ್ಜಿಯಾ ತಮ್ಮ ನಯವಾದ ದನಿಯಲ್ಲಿ ಹಾಡಿದರೆ, ಹಿಂದಿನಿಂದ ‘ಬ ಬ ಬ’ ಎಂಬ ದನಿಗಳು ಅದನ್ನು ತೂಗುತ್ತವೆ.

ಈಗ ಕೇಳುವ ಬಗೆಗೆ ಬರೋಣ. ಈ ಆಲ್ಬಮ್ಮನ್ನು ಬಸ್ಸಿನಲ್ಲೋ ಕಾರಿನಲ್ಲೋ ಕೇಳಿ ‘ಏನೂ ಇಲ್ಲವಲ್ಲ’ ಅಂದವರು ಬಹಳ. ಎಂಜಿನ್ ಸದ್ದು ಮುಂದೆ ನಿಂತರೆ ಬ್ರಷ್ಷೂ ಇಲ್ಲ, ಉಸಿರೂ ಇಲ್ಲ. ರಾತ್ರಿ ಮನೆಯಲ್ಲಿ ಕೇಳಿ, ಫ್ಯಾನ್ ಆರಿಸಿ. ಸ್ಪೀಕರ್ ಎರಡಿದ್ದರೆ ಅವು ಮತ್ತು ನೀವು ಸಮಬಾಹು ತ್ರಿಕೋನವಾಗುವಂತೆ, ಕಿವಿಯ ಎತ್ತರಕ್ಕೆ ಇಡಿ. ಎರಡನೆಯ ಹಾಡು ಬಂದಾಗ ಮೇಜಿನಾಚೆ ಕೂತವರು ಮಾತಾಡಿದಷ್ಟು ದನಿ ಕೇಳುವಂತೆ ವಾಲ್ಯೂಮ್ ಹೊಂದಿಸಿ, ಆಮೇಲೆ ಮುಟ್ಟಬೇಡಿ. ಯಾಕೆಂದರೆ ಒಂಬತ್ತನೆಯ ಹಾಡು ‘ಚೆರ‍್ರಿ ಚ್ಯಾಪ್‌ಸ್ಟಿಕ್’ ಬರುವುದೇ ಭೋರ್ಗರೆದುಕೊಂಡು. ಇಡೀ ಆಲ್ಬಮ್ಮಿನಲ್ಲಿ ಪೂರ್ತಿ ಅಬ್ಬರದ ಹಾಡು ಅದೊಂದೇ. ಮೊದಲಿನ ಎಂಟಕ್ಕೆ ವಾಲ್ಯೂಮ್ ಏರಿಸಿಟ್ಟವರು ಅಲ್ಲಿ ಬೆಚ್ಚಿ ಬೀಳುತ್ತಾರೆ.

ಮೊಬೈಲಿನಲ್ಲಿ ಕೇಳುವವರು ಶಫಲ್ ತೆಗೆದುಬಿಡಿ. ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯ ಬಹಳ ಆ್ಯಪ್‌ಗಳಲ್ಲಿದೆ. ಅದು ಒಂದೊಂದು ಹಾಡನ್ನೂ ಬೇರೆ ಬೇರೆ ತೂಗಿದರೆ ಮೆಲ್ಲನೆಯದು ಏರಿ, ಜೋರಿನದು ಇಳಿದು, ತಂಡ ಎಚ್ಚರದಿಂದ ಇಟ್ಟ ಏರಿಳಿತ ಚಪ್ಪಟೆಯಾಗುತ್ತದೆ. ಆಲ್ಬಂ ಲೆಕ್ಕದಲ್ಲಿ ತೂಗುವ ಆಯ್ಕೆ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಆ ಸೌಲಭ್ಯವನ್ನೇ ನಿಲ್ಲಿಸಿ.

ಸದ್ದು ತಗ್ಗಿದಾಗ ನಮ್ಮ ಕಿವಿಗೆ ಮೊದಲು ಕಡಿಮೆಯಾಗುವುದು ಬೇಸ್. ಫ್ಲೆಚರ್, ಮನ್ಸನ್ ಎಂಬ ಇಬ್ಬರು ಸಂಶೋಧಕರು 1933ರಲ್ಲಿ ಇದನ್ನು ಅಳೆದು ತೋರಿಸಿದರು. ಹಳೆಯ ಆಂಪ್ಲಿಫೈಯರ್‌ಗಳಲ್ಲಿ ‘ಲೌಡ್‌ನೆಸ್’ ಗುಂಡಿ ಇರುವುದು ಅದಕ್ಕಾಗಿಯೇ. ಮೆಕ್‌ನ್ಯೂ ಅವರ ಬೇಸ್ ಈ ಹಾಡುಗಳಿಗೆ ಬೆನ್ನೆಲುಬು, ಆದ್ದರಿಂದ ರಾತ್ರಿ ಸಣ್ಣ ಸದ್ದಿನಲ್ಲಿ ಕೇಳುವಾಗ ಆ ಗುಂಡಿ ಒತ್ತಿಕೊಳ್ಳಿ. ಸದ್ದು ಏರಿಸಿದಾಗ ತೆಗೆಯಿರಿ, ಇಲ್ಲವಾದರೆ ಬೇಸ್ ಗೊಜಗೊಜ ಅನ್ನುತ್ತದೆ. ಬಾನುಲಿಯ ಮಿತಿಯನ್ನೂ ಹೇಳಬೇಕು. ಮಧ್ಯಮ ತರಂಗದಲ್ಲಿ ಸುಮಾರು 4.5 ಕಿಲೋಹರ್ಟ್ಸ್ ಮೇಲಿನ ಸ್ವರಗಳು ಉಳಿಯುವುದಿಲ್ಲ, ಬ್ರಷ್ಷಿನ ಸದ್ದು ಬಹುಪಾಲು ಅಲ್ಲೇ ಹೋಗುತ್ತದೆ. ಎಫ್‌.ಎಂ. 15 ಕಿಲೋಹರ್ಟ್ಸ್‌ವರೆಗೆ ಒಯ್ಯುತ್ತದೆ.

ಕೊನೆಯ ಹಾಡು ‘ನೈಟ್ ಫಾಲ್ಸ್ ಆನ್ ಹೊಬೋಕನ್’. 17 ನಿಮಿಷ ಮೀರುತ್ತದೆ. ಸಾಹಿತ್ಯ ಮೊದಲ ಭಾಗದಲ್ಲೇ ಮುಗಿದು, ಉಳಿದದ್ದು ವಾದ್ಯಗಳದು. ಅಲ್ಲಿಗೆ ನಿಲ್ಲಿಸಿದರೆ ನಷ್ಟ. ಬೇಸ್ ತನ್ನ ಪಾಡಿಗೆ ತಾನು ಸುತ್ತುತ್ತಿರುತ್ತದೆ, ಗಿಟಾರಿನ ಫೀಡ್‌ಬ್ಯಾಕ್ ದೂರದಿಂದ ನಿಧಾನ ಹತ್ತಿರ ಬರುತ್ತದೆ. ಇಷ್ಟು ಹೊತ್ತು ಅದುಮಿಟ್ಟ ಶಕ್ತಿ ಇಲ್ಲಿ ತುಸು ತುಸುವೇ ಹೊರಬರುವುದನ್ನು ಗಮನಿಸಿ.

77 ನಿಮಿಷ ಒಮ್ಮೆಗೇ ಕೂರುವುದು ಕಷ್ಟವಾದರೆ ಮೊದಲು ಎರಡನೆಯ, ಏಳನೆಯ ಮತ್ತು ಎಂಟನೆಯ ಹಾಡು ಕೇಳಿ. ಎಂಟನೆಯದು ಜಾರ್ಜಿಯಾ ಹಾಡಿದ ‘ಟಿಯರ್ಸ್ ಆರ್ ಇನ್ ಯುವರ್ ಐಸ್’, ದುಃಖದಲ್ಲಿರುವವರಿಗೆ ಧೈರ್ಯ ಹೇಳುವ ಹಾಡು. ಆ ಮೂರು ಹಿಡಿಸಿದರೆ ಇನ್ನೊಂದು ದಿನ ಬಿಡುವು ಮಾಡಿಕೊಂಡು ಮೊದಲಿನಿಂದ ಹಚ್ಚಿ. ನಮಸ್ಕಾರ.