ತಪ್ಪಿಗೆ ದಂಡವಿಲ್ಲದ ಆಟ

ಕೇಳುಗರಿಗೆ ನಮಸ್ಕಾರ.

ವಿಡಿಯೊ ಆಟಗಳಲ್ಲಿ ಸಾವೆಂದರೆ ದಂಡ. ಗುಂಡಿಗೆ ಬಿದ್ದರೆ ಒಂದು ಜೀವ ಹೋಯಿತು. ಎಲ್ಲವೂ ಹೋದರೆ ಮತ್ತೆ ಮೊದಲಿನಿಂದ. ಈ ಲೆಕ್ಕವನ್ನೇ ಅಳಿಸಿಹಾಕಿದ ಆಟ ಬ್ರೇಡ್. ಅಮೆರಿಕದ ಜೊನಾಥನ್ ಬ್ಲೋ ಅವರು ಸ್ವಂತ ಹಣ ಹಾಕಿ ರೂಪಿಸಿದ ಇದು 2008ರಲ್ಲಿ ಹೊರಬಂತು. ಚಿತ್ರಗಳು ಡೇವಿಡ್ ಹೆಲ್ಮನ್ ಅವರವು.

ನಾಯಕ ಟಿಮ್ ರಾಜಕುಮಾರಿಯನ್ನು ಹುಡುಕುತ್ತಾ ಹೊರಟಿದ್ದಾನೆ. ಅವನು ಸತ್ತರೆ ಒಂದು ಗುಂಡಿ ಒತ್ತಿ ಹಿಡಿದರೆ ಸಾಕು, ಕಾಲ ಹಿಂದಕ್ಕೆ ಹರಿಯುತ್ತದೆ. ಬಿದ್ದವನು ಮೇಲೇರುತ್ತಾನೆ, ಸಂಗೀತ ಕೂಡ ತಿರುಗುಮುರುಗಾಗಿ ನುಡಿಯುತ್ತದೆ. ಎಷ್ಟು ಸಲ ಬೇಕಾದರೂ ಹೀಗೆ ಮಾಡಬಹುದು. ಸೋಲಿನ ಭಯ ಹೋದ ಮೇಲೆ ಆಟಗಾರನಿಗೆ ಉಳಿಯುವುದು ಯೋಚಿಸುವ ಕೆಲಸ. ನಾನು ಈ ಆಟವನ್ನು ಮೆಚ್ಚುವುದು ಇದಕ್ಕಾಗಿಯೇ.

ಒಂದೊಂದು ಲೋಕದಲ್ಲೂ ಕಾಲಕ್ಕೆ ಒಂದೊಂದು ನಿಯಮ. ಒಂದು ಕಡೆ ಹಸಿರಾಗಿ ಹೊಳೆಯುವ ವಸ್ತುಗಳು ಕಾಲದ ಹಿಮ್ಮರಳಿಕೆಗೆ ಜಗ್ಗುವುದಿಲ್ಲ. ಹತ್ತಿ ಬರಲಾಗದ ಹೊಂಡಕ್ಕೆ ಹಾರಿ ಅಂಥ ಬೀಗದ ಕೈಯನ್ನು ಎತ್ತಿಕೊಂಡು ಕಾಲವನ್ನು ಹಿಂದೆ ಸರಿಸಿದರೆ, ಟಿಮ್ ಮೇಲೆ ಬಂದಿರುತ್ತಾನೆ, ಬೀಗದ ಕೈ ಅವನ ಬಳಿಯೇ ಇರುತ್ತದೆ! ಇನ್ನೊಂದು ಲೋಕದಲ್ಲಿ ಕಾಲ ಅವನ ಹೆಜ್ಜೆಗೆ ಅಂಟಿಕೊಂಡಿದೆ: ಬಲಕ್ಕೆ ನಡೆದರೆ ಮುಂದೆ, ಎಡಕ್ಕೆ ನಡೆದರೆ ಹಿಂದೆ, ನಿಂತರೆ ಸ್ತಬ್ಧ. ಟಿಮ್ ಎಡಕ್ಕೆ ಸರಿದ ಕೂಡಲೇ ಅವನು ಕೊಂದ ಶತ್ರು ಎದ್ದು ಬರುತ್ತಾನೆ. ನಿಯಮಗಳನ್ನು ಯಾರೂ ವಿವರಿಸುವುದಿಲ್ಲ. ಅವು ತಾನಾಗಿ ಹೊಳೆಯುವ ಗಳಿಗೆಯ ಸುಖವೇ ಬೇರೆ.

ಕಡೆಯ ದೃಶ್ಯವಂತೂ ಅದ್ಭುತ. ರಾಜಕುಮಾರಿ ದುಷ್ಟನಿಂದ ಪಾರಾಗಿ ಟಿಮ್‌ನ ಜೊತೆಗೇ ಓಡುತ್ತಿರುವಂತೆ ಕಾಣುತ್ತದೆ. ಕಾಲ ತಿರುಗಿದಾಗ ತಿಳಿಯುವುದು, ಅವಳು ಓಡುತ್ತಿದ್ದದ್ದು ಟಿಮ್‌ನಿಂದಲೇ ಎಂದು. ಇಡೀ ಕಥೆ ಒಂದೇ ಏಟಿಗೆ ಮಗುಚಿ ಬೀಳುತ್ತದೆ, ಅದೂ ವಿವರಣೆಯ ಒಂದು ಮಾತೂ ಇಲ್ಲದೆ.

ಅದಕ್ಕೇ ಆಟದೊಳಗಿನ ಬರಹ ನನ್ನನ್ನು ನಿರಾಶೆಗೊಳಿಸುತ್ತದೆ. ಲೋಕಗಳ ಬಾಗಿಲಲ್ಲಿ ಪುಸ್ತಕಗಳನ್ನಿಟ್ಟು ಪ್ರೀತಿ, ಪಶ್ಚಾತ್ತಾಪಗಳ ಬಗ್ಗೆ ಭಾರವಾದ ಗದ್ಯ ಓದಿಸುತ್ತಾರೆ. ಆಟ ಕೈಯಿಂದ ಮಾಡಿಸಿ ತೋರಿಸಿದ್ದನ್ನು ಮಾತು ಮಸುಕಾಗಿಸುತ್ತದೆ.

ಇನ್ನೂ ದೊಡ್ಡ ದೋಷ ಗುಟ್ಟಾಗಿ ಅಡಗಿಸಿಟ್ಟ ಎಂಟು ನಕ್ಷತ್ರಗಳದ್ದು. ಒಂದನ್ನು ಪಡೆಯಲು ಆಮೆಗತಿಯ ಮೋಡಕ್ಕಾಗಿ ಒಂದೂವರೆ ಗಂಟೆಗೂ ಹೆಚ್ಚು ಕಾಯಬೇಕು. ಇನ್ನೊಂದು ಇರುವುದು ಲೋಕಗಳಲ್ಲಿ ಆಯ್ದುಕೊಂಡ ಚಿತ್ರದ ತುಣುಕುಗಳ ಜೋಡಣೆಯಲ್ಲಿ. ಚಿತ್ರವನ್ನು ಒಮ್ಮೆ ಪೂರ್ಣಗೊಳಿಸಿದರೆ ಆ ನಕ್ಷತ್ರ ಕೈತಪ್ಪುತ್ತದೆ, ಹೊಸದಾಗಿ ಆಟ ಶುರುಮಾಡಬೇಕು. ಏನನ್ನು ಬೇಕಾದರೂ ಹಿಂತಿರುಗಿಸಬಹುದೆಂದು ನಂಬಿಸಿದ ಆಟ ಇಲ್ಲಿ ಹಳೆಯ ದಂಡವನ್ನೇ ಹೇರುತ್ತದೆ. ಇದನ್ನು ನಾನು ಒಪ್ಪಲಾರೆ.

2024ರಲ್ಲಿ ಚಿತ್ರಗಳನ್ನು ಹೊಸದಾಗಿ ಬರೆದು, ತಯಾರಕರ ವಿವರಣೆಗಳನ್ನು ಸೇರಿಸಿದ ಆವೃತ್ತಿ ಬಂದಿದೆ. ಆಡುವುದಾದರೆ ಉತ್ತರಗಳನ್ನು ಅಂತರ್ಜಾಲದಲ್ಲಿ ಹುಡುಕಬೇಡಿ. ಬಿಡಿಸಲಾಗದ ಒಗಟನ್ನು ಬಿಟ್ಟು ಮುಂದಿನದಕ್ಕೆ ಹೋಗಲು ಆಟವೇ ದಾರಿ ಕೊಟ್ಟಿದೆ. ನಕ್ಷತ್ರಗಳ ಗೊಡವೆ ಮಾತ್ರ ಬೇಡ. ನಮಸ್ಕಾರ.