ಗಾಳಿ ಎಷ್ಟು ಅಂತಲ್ಲ, ನೀರು ಎಷ್ಟು ಅಂತ ಕೇಳಿ

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಮೈಕ್ ಕೇಳಿಸ್ತಿದೆಯಾ? ಸರಿ, ಶುರು ಮಾಡೋಣ.

ಚಂಡಮಾರುತ ಅಂದ ತಕ್ಷಣ ಟಿವಿಯಲ್ಲಿ ಏನ್ ತೋರಿಸ್ತಾರೆ ಹೇಳಿ, ಒಬ್ಬ ರಿಪೋರ್ಟರ್ ರೇನ್‌ಕೋಟ್ ಹಾಕ್ಕೊಂಡು ಕಡಲ ದಡದಲ್ಲಿ ನಿಂತು ಗಾಳಿಗೆ ವಾಲಾಡ್ತಾ ಕಿರುಚ್ತಿರ್ತಾನೆ, ಕೆಳಗೆ ಕೆಂಪು ಪಟ್ಟಿಯಲ್ಲಿ ಗಂಟೆಗೆ 140 ಕಿಲೋಮೀಟರ್ ಅಂತ ಓಡ್ತಿರತ್ತೆ, ನಾವೂ ಅದನ್ನೇ ಹಿಡ್ಕೊಂಡು ಓಹೋ 140 ಅಂತೆ, ಹೋದ್ಸಲಕ್ಕಿಂತ ಕಮ್ಮಿನೇ ಬಿಡಿ ಅಂತೀವಿ. ನನ್ನ ತಕರಾರು ಇರೋದು ಆ ನಂಬರ್ ಮೇಲೆ. ಗಾಳಿ ಸಣ್ಣದು ಅಂತ ನಾನು ಹೇಳ್ತಿಲ್ಲ, ಅದರ ವೇಗ ಎರಡರಷ್ಟಾದ್ರೆ ಗೋಡೆ ಮೇಲೆ ಬೀಳೋ ಒತ್ತಡ ನಾಲ್ಕರಷ್ಟಾಗತ್ತೆ. ಆದ್ರೆ ದೊಡ್ಡ ದೊಡ್ಡ ಚಂಡಮಾರುತಗಳಲ್ಲಿ ಜೀವ ಹೋದವ್ರ ಲೆಕ್ಕ ತೆಗೀರಿ, ಬಹುಪಾಲು ಜನ ಸತ್ತಿರೋದು ನೀರಿಗೆ ಸಿಕ್ಕಿ. ಅದಕ್ಕೇ ಇವತ್ತು ನಾನು ಗಾಳಿಗಿಂತ ನೀರಿನ ಬಗ್ಗೆನೇ ಜಾಸ್ತಿ ಮಾತಾಡ್ತೀನಿ.

ಮೊದ್ಲು ಇದು ಹುಟ್ಟೋದು ಹೇಗೆ ಅಂತ ನೋಡೋಣ. ಕೈಗೆ ಸ್ಯಾನಿಟೈಜರ್ ಹಾಕ್ಕೊಂಡಾಗ ತಣ್ಣಗಾಗತ್ತಲ್ಲ, ಯಾಕೆ? ಅದು ಆವಿಯಾಗ್ತಾ ಕೈಯಲ್ಲಿದ್ದ ಶಾಖಾನ ಎತ್ಕೊಂಡ್ ಹೋಗತ್ತೆ. ಕಡಲಲ್ಲೂ ಅದೇ ಕಥೆ. ನೀರು ಆವಿಯಾಗಿ ಮೇಲೆ ಹೋಗ್ತಾ ಕಡಲಿನ ಶಾಖಾನ ತನ್ನೊಳಗೆ ಬಚ್ಚಿಟ್ಕೊಂಡು ಹೋಗತ್ತೆ, ಮೇಲೆ ತಂಪಿಗೆ ಮತ್ತೆ ಹನಿಯಾದಾಗ ಆ ಶಾಖ ಪೂರ್ತಿ ಹೊರಗೆ ಬರತ್ತೆ. ಎಷ್ಟು ಶಾಖ ಅಂದ್ರೆ, ಒಂದು ಲೀಟರ್ ನೀರನ್ನ 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸೋಕೆ ಎಷ್ಟು ಬೇಕೋ ಅದರ ಐದು ಪಟ್ಟಿಗಿಂತ ಜಾಸ್ತಿ. ಆ ಬಿಸಿಗೆ ಗಾಳಿ ಇನ್ನೂ ಮೇಲೇರತ್ತೆ, ಕೆಳಗೆ ಒತ್ತಡ ಕುಸಿಯತ್ತೆ, ಕುಸಿದ ಜಾಗಕ್ಕೆ ಸುತ್ತಲಿಂದ ಇನ್ನಷ್ಟು ತೇವದ ಗಾಳಿ ನುಗ್ಗತ್ತೆ, ಅದೂ ಮೇಲೇರತ್ತೆ. ಒಂದ್ಸಲ ಹತ್ಕೊಂಡ್ರೆ ತನ್ನ ಸೌದೆ ತಾನೇ ಎಳ್ಕೊಳ್ಳೋ ಒಲೆ ಇದು.

ಹಾಗಂತ ಬಿಸಿ ನೀರಿದ್ದ ಕಡೆಯೆಲ್ಲಾ ಹುಟ್ಟಲ್ಲ. ಕಡಲಿನ ಬಿಸಿ 26.5 ಡಿಗ್ರಿ ಆದ್ರೂ ಇರ್ಬೇಕು, ಅದೂ ಬರೀ ಮೇಲ್ಪದರದಲ್ಲಿ ಅಲ್ಲ, ಹತ್ತಿರತ್ತಿರ 50 ಮೀಟರ್ ಆಳದವರೆಗೆ. ಸಮಭಾಜಕಕ್ಕೆ ತೀರಾ ಹತ್ತಿರ ಇರಬಾರದು, ಆಚೆ ಈಚೆ ಸುಮಾರು 5 ಡಿಗ್ರಿ ಅಕ್ಷಾಂಶದ ಒಳಗೆ ಭೂಮಿ ತಿರುಗೋದರ ಪರಿಣಾಮ ಸಾಲೋದಿಲ್ಲ, ನುಗ್ಗಿ ಬಂದ ಗಾಳಿ ಸುತ್ತೋದೇ ಇಲ್ಲ. ಇನ್ನೊಂದು ಮುಖ್ಯವಾದದ್ದು, ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ದಿಕ್ಕಲ್ಲಿ, ವೇಗದಲ್ಲಿ ಬಹಳ ವ್ಯತ್ಯಾಸ ಇರಬಾರದು, ಇದ್ರೆ ಎದ್ದು ನಿಂತ ಮೋಡದ ಕಂಬ ತಲೆ ಒಂದು ಕಡೆ ಬುಡ ಒಂದು ಕಡೆ ಆಗಿ ಹರಿದುಹೋಗತ್ತೆ. ಜುಲೈ, ಆಗಸ್ಟ್‌ನಲ್ಲಿ ಅಷ್ಟೊಂದು ಮಳೆ ಇದ್ರೂ ನಮ್ಮ ಕಡಲುಗಳಲ್ಲಿ ದೊಡ್ಡ ಚಂಡಮಾರುತ ಯಾಕೆ ಅಪರೂಪ ಅಂದ್ರೆ ಮುಖ್ಯ ಕಾರಣ ಇದೇ, ಮುಂಗಾರಿನ ಕಾಲದಲ್ಲಿ ಕೆಳಗೆ ಒಂದು ಗಾಳಿ, ಮೇಲೆ ಇನ್ನೊಂದು ಗಾಳಿ. ಹಾಗಾಗಿ ಮುಂಗಾರಿಗೆ ಮುಂಚೆ ಒಂದು ಸೀಸನ್, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು.

ಇಲ್ಲೊಂದು ತಮಾಷೆ ಇದೆ. ಚಂಡಮಾರುತ ಕಡಲನ್ನ ಕಡೆಯತ್ತೆ, ಕಡೆದಾಗ ಆಳದ ತಣ್ಣೀರು ಮೇಲೆ ಬರತ್ತೆ, ಅಂದ್ರೆ ಒಂದೇ ಕಡೆ ನಿಂತ್ರೆ ತನ್ನ ಒಲೆಗೆ ತಾನೇ ನೀರು ಹುಯ್ಕೊಂಡ ಹಾಗೆ. ಆದ್ರೆ ಬಂಗಾಳ ಕೊಲ್ಲಿಯ ಉತ್ತರದ ಕಡೆ ಗಂಗಾ, ಬ್ರಹ್ಮಪುತ್ರಾದಿಂದ ಬಂದ ಸಿಹಿನೀರು ಹಗುರ ಅಲ್ವಾ, ಅದು ಉಪ್ಪುನೀರಿನ ಮೇಲೆ ಮುಚ್ಚಳದ ಹಾಗೆ ಕೂತಿರತ್ತೆ, ಕೆಳಗಿನ ತಣ್ಣೀರನ್ನ ಸುಲಭಕ್ಕೆ ಮೇಲೆ ಬರೋಕೆ ಬಿಡಲ್ಲ.

ಹಂತಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ನಮ್ಮ ಹವಾಮಾನ ಇಲಾಖೆ ಲೆಕ್ಕದಲ್ಲಿ ಮೊದ್ಲು ವಾಯುಭಾರ ಕುಸಿತ, ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ್ರೆ ಚಂಡಮಾರುತ, ಆಗ್ಲೇ ಅದಕ್ಕೆ ಹೆಸರಿಡೋದು, ಹೆಸರಿನ ಪಟ್ಟಿ 13 ದೇಶಗಳು ಸೇರಿ ಕೊಟ್ಟಿರೋದು, 222 ಮುಟ್ಟಿದ್ರೆ ಸೂಪರ್ ಸೈಕ್ಲೋನ್. ಆದ್ರೆ ಎಲ್ಲಾ ಹಂತಾನೂ ದಿನಗಟ್ಟಲೆ ತಗೊಂಡು ನಿಧಾನಕ್ಕೆ ಹತ್ತತ್ತೆ ಅನ್ಕೋಬೇಡಿ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಅಕಾಪುಲ್ಕೋಗೆ ಬಡಿದ ಓಟಿಸ್, ಹಿಂದಿನ ದಿನ ಸಾಧಾರಣ ಬಿರುಗಾಳಿ, ಮಾರನೇ ದಿನ ದಡ ಮುಟ್ಟುವಾಗ ಅಲ್ಲಿನ ಅತಿ ದೊಡ್ಡ ದರ್ಜೆ, 5ನೇದು. ಜನ ರಾತ್ರಿ ಮಲಗುವಾಗ ಕೇಳಿದ್ದೇ ಒಂದು, ಬಂದಿದ್ದೇ ಇನ್ನೊಂದು.

ಈಗ ಕಣ್ಣು. ಚಂಡಮಾರುತದ ಮಧ್ಯದಲ್ಲಿ ಸಾಮಾನ್ಯವಾಗಿ 30ರಿಂದ 60 ಕಿಲೋಮೀಟರ್ ಅಗಲದ ಜಾಗ, ಅಲ್ಲಿ ಗಾಳಿ ಕಮ್ಮಿ, ಮಳೆ ಇಲ್ಲ, ಕೆಲವೊಮ್ಮೆ ಆಕಾಶಾನೂ ಕಾಣತ್ತೆ. ಕಣ್ಣಿನ ಗೋಡೆ, ಅಂದ್ರೆ ಕಣ್ಣಿನ ಸುತ್ತ ಗಾಳಿ ಮಳೆ ಅತಿ ಜೋರಾಗಿರೋ ಮೋಡದ ಉಂಗುರ, ನಿಮ್ಮ ಮೇಲೆ ಹಾದು ಹೋಗ್ತಿದೆ ಅನ್ಕೊಳ್ಳಿ, ಬಾಗಿಲು ಕಿತ್ತು ಹೋಗೋ ಹಾಗೆ ಬಡ್ಕೊಳ್ತಿದೆ, ಮಾತಾಡಿದ್ರೆ ಪಕ್ಕದವ್ರಿಗೂ ಕೇಳಿಸ್ತಿಲ್ಲ, ಆಮೇಲೆ ಸ್ವಲ್ಪ ಹೊತ್ತಿಗೇ ಎಲ್ಲಾ ನಿಂತುಹೋಗತ್ತೆ. ಮರದಿಂದ ನೀರು ತೊಟ್ಟಿಕ್ಕೋ ಸದ್ದು ಕೇಳತ್ತೆ. ಜನ ಹೊರಗೆ ಬರ್ತಾರೆ, ಮಾಡು ನೋಡ್ತಾರೆ, ದನ ಹುಡುಕೋಕೆ ಹೋಗ್ತಾರೆ. ಅರ್ಧ ಗಂಟೆಯೋ ಒಂದು ಗಂಟೆಯೋ ಅಷ್ಟೇ, ಆಮೇಲೆ ಗೋಡೆಯ ಇನ್ನೊಂದು ಬದಿ ಬರತ್ತೆ, ಗಾಳಿ ಈಗ ಎದುರು ದಿಕ್ಕಿಂದ. ಮೊದಲನೇ ಹೊಡೆತಕ್ಕೆ ಒಂದು ಕಡೆ ಬಾಗಿದ ಮರ ಈಗ ಇನ್ನೊಂದು ಕಡೆಗೆ ಬೀಳತ್ತೆ, ಹೊರಗಿದ್ದವ್ರು ಸಿಕ್ಕಿಹಾಕ್ಕೊಳ್ತಾರೆ.

ಸರಿ, ನೀರಿಗೆ ಬರೋಣ. ಒತ್ತಡ ಕುಸಿದ ಕಡೆ ಕಡಲು ಸ್ವಲ್ಪ ಉಬ್ಬತ್ತೆ ನಿಜ, ಆದ್ರೆ ಗಾಳಿಯ ಒತ್ತಡ ಅಳೆಯೋ ಲೆಕ್ಕದಲ್ಲಿ ಒಂದು ಹೆಕ್ಟೋಪಾಸ್ಕಲ್ ಕುಸಿದ್ರೆ ಒಂದು ಸೆಂಟಿಮೀಟರ್ ಅಷ್ಟೇ. ಒತ್ತಡ 90 ಕುಸಿದ್ರೂ ಒಂದು ಮೀಟರ್ ಆಗಲ್ಲ. ನಿಜವಾದ ಕೆಲಸ ಮಾಡೋದು ಗಾಳಿ, ಅದು ಗಂಟೆಗಟ್ಟಲೆ ನೀರನ್ನ ದಡದ ಕಡೆ ತಳ್ತಾನೇ ಇರತ್ತೆ. ಕಡಲು ಆಳ ಇದ್ರೆ ತಳ್ಳಿದ ನೀರು ಕೆಳಗಿಂದ ವಾಪಸ್ ಹರಿದುಹೋಗತ್ತೆ, ಆಳ ಇಲ್ಲದಿದ್ರೆ ಹೋಗೋಕೆ ಜಾಗ ಇಲ್ಲ, ಮೇಲೇರಿ ಊರೊಳಗೆ ಬರತ್ತೆ. ಬಂಗಾಳ ಕೊಲ್ಲಿಯ ಉತ್ತರ ತುದಿ ಆಳಾನೂ ಇಲ್ಲ, ಆಕಾರಾನೂ ಲಾಳಿಕೆ ಥರ. ಉತ್ತರಾರ್ಧಗೋಳದಲ್ಲಿ ಗಾಳಿ ಎಡಸುತ್ತು ತಿರುಗೋದ್ರಿಂದ ಚಂಡಮಾರುತ ಹೋಗೋ ದಾರಿಯ ಬಲಗಡೆ ನೀರು ದಡಕ್ಕೆ ನುಗ್ಗತ್ತೆ, ಎಡಗಡೆ ಕಡಲಿನ ಕಡೆಗೇ ತಳ್ಳಿಸ್ಕೊಳ್ಳತ್ತೆ. 2017ರಲ್ಲಿ ಇರ್ಮಾ ಬಂದಾಗ ಫ್ಲೋರಿಡಾದ ಟ್ಯಾಂಪಾ ಕೊಲ್ಲಿ ದಡದಿಂದ ನೀರು ಹಿಂದೆ ಹೋಗಿ ಜನ ಕಡಲ ತಳದಲ್ಲಿ ನಡ್ಕೊಂಡು ಹೋಗಿ ಫೋಟೋ ತಗೊಂಡ್ರು! ಹಾಗೆ ಹೋದ ನೀರು ವಾಪಸ್ ಬರತ್ತೆ ಅನ್ನೋದು ತಲೆಗೆ ಬರ್ಲಿಲ್ಲವೋ ಏನೋ.

1970ರ ನವೆಂಬರ್ 12ರ ರಾತ್ರಿ ಆಗಿನ ಪೂರ್ವ ಪಾಕಿಸ್ತಾನದಲ್ಲಿ ಭೋಲಾ ಚಂಡಮಾರುತ. ನಮ್ಮ ಇವತ್ತಿನ ಅಳತೆ ಹಿಡಿದ್ರೆ ಅದು ಸೂಪರ್ ಸೈಕ್ಲೋನ್ ಕೂಡ ಅಲ್ಲ. ಆದ್ರೆ ಕಡಲಿನ ಭರತದ ಹೊತ್ತಿಗೇ ದಡಕ್ಕೆ ಬಂತು, ಮಣ್ಣಿನ ತಟ್ಟೆ ಥರ ಇರೋ ದ್ವೀಪಗಳು, ಹತ್ತೋಕೆ ಒಂದು ದಿಬ್ಬ ಇಲ್ಲ. 3 ಲಕ್ಷದಿಂದ 5 ಲಕ್ಷ ಜನ. ಒಂದೇ ರಾತ್ರಿ. ನಂಬರ್ ನೋಡ್ಕೊಂಡು ಕಮ್ಮಿನೇ ಬಿಡಿ ಅನ್ನೋರು ಇದನ್ನ ನೆನಪಿಟ್ಕೊಳ್ಳಿ.

ಇದು ಮುಂಚೆ ಯಾರಿಗೂ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಸೈಕ್ಲೋನ್ ಅನ್ನೋ ಪದಾನೇ ಹುಟ್ಟಿಸಿದ್ದು ಕಲ್ಕತ್ತಾದಲ್ಲಿದ್ದ ಹೆನ್ರಿ ಪಿಡಿಂಗ್ಟನ್, ಗ್ರೀಕ್‌ನಲ್ಲಿ ಹಾವಿನ ಸುರುಳಿ ಅನ್ನೋ ಅರ್ಥದಿಂದ. ಬಂಗಾಳದ ಮಾತ್ಲಾ ನದಿ ದಡದಲ್ಲಿ ಹೊಸ ಬಂದರು ಕಟ್ತೀವಿ ಅಂತ ಸರ್ಕಾರ ಹೊರಟಾಗ 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬರೆದ, ಬೇಡ ಸ್ವಾಮಿ, ಒಂದಿನ ಕಡಲು ಉಬ್ಬಿ ಬಂದು ಎಲ್ಲಾ ಮುಳುಗತ್ತೆ ಅಂತ. ಯಾರು ಕೇಳ್ತಾರೆ, ಕಟ್ಟಿದ್ರು, ಪೋರ್ಟ್ ಕ್ಯಾನಿಂಗ್ ಅಂತ. 1858ರಲ್ಲಿ ಪಿಡಿಂಗ್ಟನ್ ತೀರ್ಕೊಂಡ. 1867ರಲ್ಲಿ ಕಡಲು ಬಂತು, ಬಂದರು ಹೋಯ್ತು.

ಇನ್ನು ಮಳೆ. ಇದಕ್ಕೆ ಗಾಳಿ ವೇಗಕ್ಕಿಂತ ಚಂಡಮಾರುತ ಎಷ್ಟು ನಿಧಾನ ನಡೆಯತ್ತೆ ಅನ್ನೋದೇ ಮುಖ್ಯ. 2017ರ ಹಾರ್ವಿ ಟೆಕ್ಸಾಸ್ ಬಿಟ್ಟು ಕದಲದೇ ಕೂತು ಒಂದು ಕಡೆ 1,500 ಮಿಲಿಮೀಟರ್‌ಗಿಂತ ಜಾಸ್ತಿ ಸುರೀತು. 2023ರ ಫ್ರೆಡ್ಡಿ ಆಸ್ಟ್ರೇಲಿಯಾ ಹತ್ರ ಹುಟ್ಟಿ ಇಡೀ ಹಿಂದೂ ಮಹಾಸಾಗರ ದಾಟಿ ಐದು ವಾರ ಬದುಕಿತ್ತು, ಆಫ್ರಿಕಾದ ಮಲಾವಿ ದೇಶಕ್ಕೆ ಬರೋ ಹೊತ್ತಿಗೆ ಗಾಳಿ ಸೋತಿತ್ತು, ಮಳೆ ಸೋತಿರ್ಲಿಲ್ಲ, ಅಲ್ಲಿನ ಬ್ಲಾಂಟೈರ್ ನಗರದ ಸುತ್ತ ಗುಡ್ಡ ಕುಸಿದು ದೇಶದಲ್ಲಿ ಸತ್ತವ್ರು ಕಾಣೆಯಾದವ್ರು ಸೇರಿ ಸಾವಿರ ದಾಟಿದ್ರು.

ಹಾಗಾದ್ರೆ ಏನೂ ಮಾಡೋಕಾಗಲ್ವಾ ಅಂದ್ರೆ, ಒಡಿಶಾ ನೋಡಿ. 1999ರ ಅಕ್ಟೋಬರ್ 29ರ ಸೂಪರ್ ಸೈಕ್ಲೋನ್‌ಗೆ ಸುಮಾರು 10 ಸಾವಿರ ಜನ ಹೋದ್ರು. 2013ರಲ್ಲಿ ಫೈಲಿನ್ ಗಂಟೆಗೆ 200 ಕಿಲೋಮೀಟರ್ ದಾಟಿದ ಗಾಳಿ ತಗೊಂಡು ಗೋಪಾಲ್‌ಪುರಕ್ಕೆ ಬಂತು, ಅಷ್ಟರಲ್ಲಿ ಹತ್ತಿರತ್ತಿರ 10 ಲಕ್ಷ ಜನರನ್ನ ತಗ್ಗಿಂದ ಎತ್ತಿ ಆಶ್ರಯ ಕಟ್ಟಡಗಳಿಗೆ ಸೇರಿಸಿದ್ರು, ಸಾವು ಐವತ್ತನ್ನೂ ಮುಟ್ಟಲಿಲ್ಲ. ಗಾಳಿಗೆ ಯಾರೂ ಏನೂ ಮಾಡ್ಲಿಲ್ಲ ನೋಡಿ, ಜನರನ್ನ ನೀರಿನ ದಾರಿಯಿಂದ ಪಕ್ಕಕ್ಕೆ ಕರ್ಕೊಂಡ್ ಹೋದ್ರು ಅಷ್ಟೇ.

ಆದ್ರೆ ನೆಲಾನ ಎತ್ಕೊಂಡು ಆಶ್ರಯ ಕಟ್ಟಡಕ್ಕೆ ಹೋಗೋಕಾಗಲ್ವಲ್ಲ. 2009ರ ಮೇನಲ್ಲಿ ಸುಂದರಬನದಲ್ಲಿ ಐಲಾ ಬಂದಾಗ ಒಡ್ಡು ಒಡೆದು ಕಡಲಿನ ನೀರು ಗದ್ದೆಗೆ, ಕೆರೆಗೆ ನುಗ್ತು. ಗದ್ದೆ ಮೇಲೆ ಉಪ್ಪು ಬೆಳ್ಳಗೆ ಕೂತ್ಕೊಂಡ್ರೆ ಭತ್ತದ ಸಸಿ ಸುತ್ತ ನೀರೇ ಇದ್ರೂ ಕುಡಿಯೋಕಾಗದೆ ಒಣಗತ್ತೆ, ಸಿಹಿನೀರಿನ ಮೀನು ಸಾಯತ್ತೆ. ಮಳೆ ಬಂದು ಬಂದು ಆ ಉಪ್ಪು ತೊಳೆದು ಹೋಗ್ಬೇಕು. ವರ್ಷಗಟ್ಟಲೆ ಅಲ್ಲಿ ಎಷ್ಟೋ ಗದ್ದೆ ಪಾಳು ಬಿದ್ವು, ಗಂಡಸರು ಕೂಲಿ ಹುಡುಕ್ಕೊಂಡು ದೂರದ ಊರುಗಳಿಗೆ ಹೋದ್ರು.

ನಂದು ಇಷ್ಟೇ. ಪ್ರಶ್ನೆ ಇದ್ದವ್ರು ಕೈ ಎತ್ತಿ, ಮೈಕ್ ಅಲ್ಲಿಗೇ ಬರತ್ತೆ.