ಕೈತೋಟದ ಹೂನೊಣ: ಗುರುತು ಹಿಡಿಯುವ ಬಗೆ

ಕೇಳುಗರಿಗೆ ನಮಸ್ಕಾರ. ಹೂಬಿಟ್ಟ ಕೊತ್ತಂಬರಿ ಮಡಿಯ ಮೇಲೆ ಗಾಳಿಯಲ್ಲೇ ಅಲುಗದೆ ನಿಂತು, ಮರುಗಳಿಗೆಗೆ ಪಕ್ಕಕ್ಕೆ ಸರಿಯುವ ಹಳದಿ ಕಪ್ಪು ಪಟ್ಟೆಯ ಕೀಟವನ್ನು ನೀವು ಜೇನೆಂದೇ ತಿಳಿದಿರಬಹುದು. ಹೆದರಬೇಡಿ, ಅದಕ್ಕೆ ಕೊಂಡಿಯೇ ಇಲ್ಲ. ಅದು ಹೂನೊಣ, ಸಿರ್ಫಿಡ್ ಕುಟುಂಬಕ್ಕೆ ಸೇರಿದ್ದು. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 6,000 ಪ್ರಭೇದಗಳಿವೆ.

ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಅಷ್ಟು ನೋಡಿದರೆ ನೊಣವೆಂಬುದು ಖಾತ್ರಿ. ಹೂನೊಣವೇ ಹೌದೇ ಎಂದು ತಿಳಿಯಲು ರೆಕ್ಕೆಯ ಚಿತ್ರವನ್ನು ಹಿಗ್ಗಿಸಿ ನೋಡಬೇಕು. ರೆಕ್ಕೆಯಲ್ಲಿ ನರದಂತೆ ಹರಡಿದ ಗೆರೆಗಳೇ ನಾಳಗಳು. ಅಂಥ ಎರಡು ನಾಳಗಳ ನಡುವೆ, ಮಡಿಕೆ ಬಿದ್ದಂಥ ಒಂದು ಮಸುಕು ಗೆರೆ ಎತ್ತಲೂ ಸೇರದೆ ಸುಮ್ಮನೆ ಕೊನೆಯಾಗುತ್ತದೆ. ಅದೇ ಹುಸಿನಾಳ, ಈ ಕುಟುಂಬದ ಗುರುತು.

ಇನ್ನು ಹೆಸರು. ಬಹಳ ಜನ ಬಣ್ಣ ನೋಡಿ ತೀರ್ಪು ಕೊಡುತ್ತಾರೆ. ನನಗೆ ಬಣ್ಣದ ಮೇಲೆ ನಂಬಿಕೆ ಕಡಿಮೆ. ಹುಳು ನೊಣವಾಗುವ ಮುನ್ನ ಕೋಶದಲ್ಲಿರುವಾಗ ಚಳಿ ತಾಗಿದ ನೊಣ ಕಪ್ಪೇರಿರುತ್ತದೆ, ಸೆಕೆಯಲ್ಲಿ ಬೆಳೆದ ಅದರ ಒಡಹುಟ್ಟು ಹಳದಿಯಾಗಿರುತ್ತದೆ. ಪಟ್ಟೆಗಳ ಜೋಡಣೆ ಹೆಚ್ಚು ನೆಚ್ಚಿಗೆಯದು. ಕಿತ್ತಳೆ ಹೊಟ್ಟೆಯ ನಡುವಿನ ಖಂಡಗಳಲ್ಲಿ ಒಂದು ದಪ್ಪ, ಒಂದು ಸಣ್ಣ ಎಂದು ಕಪ್ಪು ಪಟ್ಟೆಗಳು ಜೋಡಿಯಾಗಿದ್ದರೆ ಅದು ಎಪಿಸಿರ್ಫಸ್ ಬಾಲ್ಟಿಯೇಟಸ್ ಇರಬೇಕು. ಎರಿಸ್ಟಲೈನಸ್ ಎಂಬ ಇನ್ನೊಂದು ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಹೂನೊಣಗಳಿಗೆ ಹೊಟ್ಟೆಗಿಂತ ಕಣ್ಣೇ ಗುರುತು. ಕೆಲವದರ ಕಣ್ಣಿನ ಮೇಲೆ ರಾಗಿಕಾಳು ಚೆಲ್ಲಿದಂತೆ ಚುಕ್ಕೆಗಳು, ಕೆಲವದಕ್ಕೆ ಪಟ್ಟೆಗಳು. ಕಣ್ಣುಗಳೆರಡೂ ನೆತ್ತಿಯಲ್ಲಿ ಕೂಡಿದ್ದರೆ ಸಾಮಾನ್ಯವಾಗಿ ಗಂಡು, ನಡುವೆ ಜಾಗವಿದ್ದರೆ ಹೆಣ್ಣು. ಹಾಗಾಗಿ ಚಿತ್ರ ತೆಗೆಯುವಾಗ ಬೆನ್ನೊಂದೇ ಸಾಲದು. ಮುಖ, ಪಕ್ಕೆ, ರೆಕ್ಕೆ ಎಲ್ಲವೂ ಬರಲಿ. ಆಗಲೂ ಎಷ್ಟೋ ಸಲ ಕುಲದ ಹೆಸರಿಗೇ ನಿಲ್ಲಬೇಕಾಗುತ್ತದೆ. ಬಾಯಿಗೆ ಬಂದ ಪ್ರಭೇದದ ಹೆಸರು ಅಂಟಿಸುವುದಕ್ಕಿಂತ ಅದು ಮೇಲು.

ಹುಟ್ಟಿದ ಜಾಗವೂ ಸುಳಿವು ಕೊಡುತ್ತದೆ. ಎರಿಸ್ಟಲೈನಸ್ ಮರಿ ಕೊಳೆತ ನೀರಿನಲ್ಲಿದ್ದು, ಬಾಲದಂಥ ಉದ್ದ ಕೊಳವೆಯನ್ನು ಮೇಲಕ್ಕೆ ಚಾಚಿ ಉಸಿರಾಡುತ್ತದೆ. ಎಪಿಸಿರ್ಫಸ್ ಮರಿ ಗಿಡದ ಮೇಲೇ ಇದ್ದು ಸಸ್ಯಹೇನು ತಿನ್ನುತ್ತದೆ. ಅಲಸಂದೆ ಕುಡಿಯಲ್ಲಿ ಕರಿಹೇನು ಮುತ್ತಿದಾಗ ಅವುಗಳ ನಡುವೆ ಕಾಲಿಲ್ಲದ ಹುಳು ತೆವಳುತ್ತಿದ್ದರೆ ಔಷಧಿ ಹೊಡೆಯಬೇಡಿ. ಹೇನಿರುವ ಕುಡಿಯ ಸಮೇತ ಅದನ್ನು ಬಾಟಲಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ. ಹೇನು ತೀರಿದಂತೆ ಹೊಸ ಕುಡಿ ಕೊಡಿ. ಅದು ಕೋಶ ಕಟ್ಟಿ, ಕೆಲವು ದಿನಗಳಲ್ಲಿ ನೊಣವಾಗಿ ಹೊರಬರುತ್ತದೆ. ಆಗತಾನೇ ಬಂದದ್ದು ಪೇಲವವಾಗಿರುತ್ತದೆ; ಬಣ್ಣ ಕೂಡಿದ ಮೇಲೆ ಚಿತ್ರ ತೆಗೆದು ಬಿಟ್ಟುಬಿಡಿ. ನಮಸ್ಕಾರ.